ಎರಡನೇ ಗಾಡಿ

"ನಾನು ಕೊನೇಲಿ ಬರ್ತೀನಿ," ಎಂದ ಹೊಸಬ. ಹೋದ ಭಾನುವಾರವೂ ಅದೇ ಮಾತು.

ಜೀಪಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಳಿ ಬಿಡುತ್ತಿದ್ದ ಗಣಿತದ ಮೇಷ್ಟ್ರು ತಲೆ ಎತ್ತಿದರು. ಟಾರು ರಸ್ತೆ ಮುಗಿದು ಕಲ್ಲುಹಾದಿ ಶುರುವಾಗುವ ಈ ತಿರುವಿನಲ್ಲಿ ತಂಡದ ಏಳೂ ಗಾಡಿಗಳು ನಿಂತು ಟೈರಿನ ಅರ್ಧ ಗಾಳಿ ಇಳಿಸುತ್ತವೆ. ಮೆತ್ತಗಾದ ಟೈರು ಕಲ್ಲನ್ನು ತಬ್ಬಿ ಹಿಡಿಯುತ್ತದೆ. ಹಿಂದಿರುಗುವಾಗ ಮತ್ತೆ ಇಲ್ಲೇ ನಿಂತು, ಪಂಪಿನಿಂದ ಗಾಳಿ ತುಂಬಿಸಿಕೊಂಡು ರಸ್ತೆ ಹತ್ತಬೇಕು. ಇಲ್ಲದಿದ್ದರೆ ಮನೆ ಮುಟ್ಟುವುದರೊಳಗೆ ಟೈರು ಚಿಂದಿ.

"ಕೊನೇಲಿ ಡಾಕ್ಟ್ರು ಇರ್ತಾರೆ," ಎಂದಳು ಅಕ್ಕ. ಡ್ರೈವಿಂಗ್ ಶಾಲೆ ನಡೆಸುವ ಅವಳೇ ತಂಡದ ಮುಂದಾಳು. "ನೀವು ಎರಡನೇ ಗಾಡಿ. ನನ್ನ ಬೆನ್ನಿಗೇ ಬನ್ನಿ."

ಹೊಸಬನ ಮುಖ ಇಳಿಯಿತು. ಮೇಷ್ಟ್ರು ಅದನ್ನು ಗಮನಿಸಿದರು.

ಅವರಿಗೆ ಹೊಟ್ಟೆಯೂ ಉರಿಯಿತು. ಎರಡನೇ ಜಾಗ ಸುಮ್ಮನೆ ಸಿಗುವಂಥದ್ದಲ್ಲ. ತಂಡ ಸೇರಿದ ಮೊದಲ ಆರು ತಿಂಗಳು ಅಲ್ಲಿ ಓಡಿಸಿದವರು ಅವರೇ. ತಮ್ಮ ಕೈಚಳಕಕ್ಕೆ ಸಿಕ್ಕ ಮರ್ಯಾದೆ ಅದು ಎಂದು ನಂಬಿದ್ದರು. ಈ ಇಸ್ತ್ರಿ ಅಂಗಿಯವನಿಗೋ ಕ್ಲಚ್ಚು ನೆಟ್ಟಗೆ ಬಿಡಲೂ ಬಾರದು.

ಇವನು ಗೂಢಚಾರ. ಮೇಷ್ಟ್ರಿಗೆ ಲೆಕ್ಕ ಸರಿಹೋಗಿತ್ತು. ಯಾರೋ ಫೋಟೋ ಸಮೇತ ದೂರು ಕೊಟ್ಟು ಈ ವರ್ಷ ತಂಡ ಗಾಡಿ ಹತ್ತಿಸುತ್ತಿದ್ದ ಎರಡು ಹಾದಿ ಮುಚ್ಚಿಸಿದ್ದರು. ಉಳಿದದ್ದು ಈ ಪಾಳು ಕಲ್ಲುಕ್ವಾರಿ ಒಂದೇ, ಅದೂ ಮಾಲೀಕನ ಬಾಯಿಮಾತಿನ ಮೇಲೆ. ಇದೂ ಹೋದರೆ ಭಾನುವಾರವೇ ಹೋದಂತೆ. ಅವರ ವಾರದಲ್ಲಿ ದಿನ ಅಂತ ಇದ್ದದ್ದು ಅದೊಂದೇ. ಮಿಕ್ಕ ಆರೂ ಒಂದು ತಟ್ಟೆ, ಒಂದು ಲೋಟ ತೊಳೆದು ಮಲಗುವಂಥವು. ಇಲ್ಲಿಗೆ ಬಂದ ಮೇಲೇ ಅವರಿಗೆ ಗೊತ್ತಾದದ್ದು, ಕೆಸರಲ್ಲಿ ಹೂತ ಗಾಡಿಗೆ ಹತ್ತು ಜನ ಹೆಗಲು ಕೊಟ್ಟು, ಎತ್ತಿದ ಮೇಲೆ ಆ ಹತ್ತೂ ಜನ ಮೈತುಂಬಾ ಕೆಸರು ಹೊತ್ತು ನಗಬಹುದು ಎಂದು.

ಅವರು ಅಕ್ಕನನ್ನು ಪಕ್ಕಕ್ಕೆ ಕರೆದರು.

"ಅಕ್ಕ, ಅವನ ಗಾಡಿ ಹಿಂದೆ ಇಣುಕಿ ನೋಡ್ದೆ. ಊಟ ಇಲ್ಲ, ಪಂಪ್ ಇಲ್ಲ. ಕೈಬೀಸ್ಕೊಂಡು ಬಂದಿದಾನೆ. ಹೋದ ವಾರಾನೂ ನಿಮ್ಮ ಪಂಪಲ್ಲೇ ತುಂಬಿಸ್ಕೊಂಡ, ಜಿಪುಣ."

"ನೋಡಿದೀನಿ."

"ಕ್ವಾರಿ ಅಂಚಿನ ತನಕ ಗಾಡಿ ಹೋಗುತ್ತಾ, ಅಲ್ಲಿ ಬೇಲಿ ಇದೆಯಾ ಅಂತ ಡಾಕ್ಟ್ರನ್ನ ಕೇಳ್ತಿದ್ದ. ಎಲ್ಲಾ ವರದಿ ಬರೆಯೋಕೆ!"

"ಅದನ್ನೂ ಕೇಳಿಸ್ಕೊಂಡೆ."

"ಹಾಗಾದ್ರೆ ಓಡಿಸಿಬಿಡಿ ಅವನನ್ನ."

"ಓಡಿಸಿದ್ರೆ ಒಬ್ಬರೇ ಬರ್ತಾರೆ ಮೇಷ್ಟ್ರೇ. ಅದಕ್ಕಿಂತ ನಮ್ಮ ಮಧ್ಯೆ ಇರ್ಲಿ." ಅಕ್ಕ ಕೈಗವಸು ಏರಿಸಿದಳು. "ಮೂರನೇ ಗಾಡಿ ನಿಮ್ದು. ಅವರ ಮೇಲಿಂದ ಕಣ್ಣು ತೆಗೀಬೇಡಿ."

ಮೇಷ್ಟ್ರು ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಮೊದಲ ಗೇರಿನಲ್ಲಿ, ಬಂಡೆಯಿಂದ ಬಂಡೆಗೆ, ಹೊಸಬನ ಹಿಂದೆ ಜಿಗಣೆಯಂತೆ ಅಂಟಿಕೊಂಡು ಹತ್ತಿದರು.

ವಾಕಿಟಾಕಿ ಕರಕರ ಎಂದಿತು. ಹಲ್ಲಿನ ಡಾಕ್ಟರು. "ಮೇಷ್ಟ್ರೇ, ಅವರ ಬಂಪರ್‌ಗೆ ಮುತ್ತು ಕೊಡ್ತೀರಾ ಹೇಗೆ?"

"ನೀವು ಗುಂಡಿ ನೋಡ್ಕೊಂಡು ಬನ್ನಿ ಡಾಕ್ಟ್ರೇ. ಇರೋ ಹಲ್ಲೂ ಉದುರೀತು."

ಮಧ್ಯಾಹ್ನದ ಹೊತ್ತಿಗೆ ಮೇಲಿನ ಬಯಲು ಸಿಕ್ಕಿತು. ಎಲ್ಲರೂ ಬುತ್ತಿ ಬಿಚ್ಚಿದರು. ಮೇಷ್ಟ್ರು ಕೈ ತೊಳೆದು ತಿರುಗುವಷ್ಟರಲ್ಲಿ ಎರಡನೇ ಗಾಡಿ ನಿಂತಿದ್ದ ಜಾಗ ಖಾಲಿ.

"ಅಕ್ಕ!" ಎಂದು ಕೂಗಿ ಅವರು ಓಡಿದರು.

ಕಲ್ಲುರಾಶಿಯ ಆಚೆ, ಕ್ವಾರಿಯ ಪ್ರಪಾತದ ಅಂಚಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಜೀಪು ನಿಂತಿತ್ತು. ಇಂಜಿನ್ ಗುರುಗುಡುತ್ತಿತ್ತು. ಸಿಕ್ಕಿಬಿದ್ದ ಕಳ್ಳ! ಮೇಷ್ಟ್ರು ಬಾಗಿಲು ಎಳೆದು, ಕೈ ಹಾಕಿ, ಕೀಲಿ ತಿರುಗಿಸಿ ಕಿತ್ತುಕೊಂಡರು.

"ಎಲ್ಲಯ್ಯಾ ಕ್ಯಾಮೆರಾ? ಫೋನ್ ತೋರ್ಸು! ಯಾರು ಕಳಿಸಿದ್ದು ನಿನ್ನ?"

ಹೊಸಬ ಸ್ಟೀರಿಂಗ್ ಬಿಡಲಿಲ್ಲ. ಪಕ್ಕದ ಸೀಟಿನ ಮೇಲೆ ಫೋನು ಇತ್ತು, ಆಫ್ ಮಾಡಿ. ಅದರ ಪಕ್ಕ ಕೈಗಡಿಯಾರ, ಉಂಗುರ, ಮನೆಯ ಕೀಲಿ, ಎಲ್ಲ ಒಪ್ಪವಾಗಿ. ಕೆಳಗೆ ಮಡಚಿದ ಕಾಗದ.

ಮೇಷ್ಟ್ರು ಕಿತ್ತ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

ಹಿಂದೆಯೇ ಅಕ್ಕ, ಡಾಕ್ಟರು ಏದುಸಿರು ಬಿಡುತ್ತ ಬಂದರು. ಡಾಕ್ಟರು ಆಚೆ ಬಾಗಿಲು ತೆಗೆದು, ಆ ಸಾಮಾನನ್ನೆಲ್ಲ ಮಡಿಲಿಗೆ ಎತ್ತಿಕೊಂಡು ಸೀಟಿನಲ್ಲಿ ಕೂತರು. "ಇವತ್ತು ನಮ್ಮನೇಲೇ ಇರ್ತೀರಿ. ನನ್ನ ಹೆಂಡ್ತಿ ನಿಮ್ಮಂಥೋರ ಮನಸ್ಸಿನ ಮಾತು ಕೇಳೋ ಡಾಕ್ಟ್ರು, ನನ್ನ ಥರ ಹಲ್ಲು ಕೀಳಲ್ಲ. ನಾಳೆ ಬೆಳಿಗ್ಗೆ ಮಿಕ್ಕಿದ್ದು ನೋಡೋಣ." ಹೊಸಬ ಸ್ಟೀರಿಂಗಿಗೆ ಹಣೆ ಒತ್ತಿ ಬಿಕ್ಕಿದ.

ಅಕ್ಕ ಮೇಷ್ಟ್ರ ತೋಳು ಹಿಡಿದು ನಾಲ್ಕು ಹೆಜ್ಜೆ ಈಚೆ ಕರೆತಂದಳು.

"ಹೇಗೆ ಗೊತ್ತಾಯ್ತು ನಿಮಗೆ?" ಮೇಷ್ಟ್ರು ಕೇಳಿದರು.

"ಹಗ್ಗ ಮರೀತಾರೆ, ಊಟ ಮರೀತಾರೆ. ಟೈರಿನ ಗಾಳಿ ಬಿಡ್ಬೇಕು ಅಂತ ಗೊತ್ತಿದ್ದು ಬರೋರು ಪಂಪ್ ಮರೆಯಲ್ಲ ಮೇಷ್ಟ್ರೇ, ವಾಪಸ್ ಹೋಗೋ ಯೋಚನೆ ಇದ್ರೆ."

"ಹಾಗೇನಿಲ್ಲ," ಮೇಷ್ಟ್ರು ತಟ್ಟನೆ ಹೇಳಿದರು. "ಮೊದಲನೇ ದಿನ ನಾನೂ ಮರೆತು ಬಂದಿದ್ದೆ."

"ಗೊತ್ತು. ಅದಕ್ಕೇ ಆರು ತಿಂಗಳು ನಿಮ್ಮನ್ನ ಎರಡನೇ ಗಾಡೀಲಿ ಇಟ್ಕೊಂಡಿದ್ದು."

ಮೇಷ್ಟ್ರು ಅಂದು ಪಂಪು ಮರೆತಿರಲಿಲ್ಲ, ಬೇಡವೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದರು.