ಚುಕ್ಕೆಗೆರೆ

ಕೆಳಗಿಳಿಯುವ ಗೆರೆಗಳನ್ನು ಕಂಡರೆ ತನಗೆ ಭಯ ಎಂದು ಅವಳು ಬೆಳಿಗ್ಗೆಯಷ್ಟೇ ಡೈರಿಯಲ್ಲಿ ಬರೆದುಕೊಂಡಿದ್ದಳು. ಡಿಗ್ರಿ ಮುಗಿಸಿದ ಹುಡುಗಿ ಗೆರೆಗೆ ಹೆದರುತ್ತಾಳೆ ಅಂದರೆ ಯಾರಾದರೂ ನಕ್ಕಾರು. ಆದರೆ ಕೆಲಸಕ್ಕೆ ಬೇಕಾಗಿದ್ದ ಇಂಗ್ಲಿಷ್ ಪರೀಕ್ಷೆಯ ಮೊದಲ ಪ್ರಶ್ನೆಯೇ ಗ್ರಾಫು. ಯಾವುದೋ ಊರಿನ ಜನಸಂಖ್ಯೆ ಯಾವ ವರ್ಷ ಏರಿತು, ಯಾವ ವರ್ಷ ಇಳಿಯಿತು ಎಂದು ಕೂದಲೆಳೆಯಷ್ಟೂ ತಪ್ಪದೆ ಬರೆಯಬೇಕು. ಏರಿಕೆಯನ್ನು ಅವಳು ನೀರು ಕುಡಿದಷ್ಟು ಸಲೀಸಾಗಿ ಬರೆಯುತ್ತಿದ್ದಳು. ಇಳಿಕೆ ಬಂದ ಕೂಡಲೇ ಪೆನ್ನು ನಿಂತುಬಿಡುತ್ತಿತ್ತು.

ಅಂದು ಕೋಚಿಂಗ್ ಮೇಷ್ಟ್ರು ಹೊಸ ಹಾಳೆ ಹಂಚುತ್ತಾ ಎಂದಿನ ಎರಡು ಮಾತು ಹೇಳಿದರು. ಗೆರೆ ಏನು ತೋರಿಸುತ್ತದೋ ಅಷ್ಟನ್ನೇ ಬರೆಯಬೇಕು. ಯಾಕೆ ಇಳಿಯಿತು ಎಂದು ಕಾರಣ ಕೊಟ್ಟರೆ ಅಂಕ ಹೋಯಿತು. ಕೊನೆಯ ಚುಕ್ಕೆಗೆರೆ ಬರೀ ಮುಂದಿನ ಅಂದಾಜು. ಅದನ್ನು ಆಗಿಹೋದ ಹಾಗೆ ಬರೆದರೂ ಅಂಕ ಹೋಯಿತು.

ಅವಳ ಹಾಳೆಯಲ್ಲಿ ಊರಿನ ಹೆಸರಿರಲಿಲ್ಲ. ಎಡಗಡೆ ಒಂದರಿಂದ ಐದರವರೆಗೆ ಅಂಕಿ, ಕೆಳಗೆ ಇಸವಿಗಳು, ಅಷ್ಟೇ. ಮೂರರಲ್ಲಿ ಹೊರಟ ಗೆರೆ ಅವಳು ಹುಟ್ಟಿದ ವರ್ಷ ನಾಲ್ಕಕ್ಕೇರಿತ್ತು. ಮೂರು ವರ್ಷ ಕಳೆದು ಐದು. ಅಲ್ಲಿ ಆರು ವರ್ಷ ಮಟ್ಟಸವಾಗಿ ನಡೆದು, ಗಕ್ಕನೆ ನಾಲ್ಕಕ್ಕೆ ಬಿದ್ದಿತ್ತು, ಮರುವರ್ಷವೇ ಮೂರಕ್ಕೆ. ಅವಳು ಬೆರಳು ಮಡಿಸುವ ಅಗತ್ಯವೇ ಬೀಳಲಿಲ್ಲ. ಅಪ್ಪ, ಅಮ್ಮ, ಅಜ್ಜಿ. ಆಮೇಲೆ ತಾನು. ಆಮೇಲೆ ತಮ್ಮ. ನಾಲ್ಕಕ್ಕೆ ಬಿದ್ದದ್ದು ತಮ್ಮ ತೀರಿಕೊಂಡ ವರ್ಷ, ಮೂರಕ್ಕೆ ಬಿದ್ದದ್ದು ಆ ಕೊರಗಿನಲ್ಲೇ ಅಜ್ಜಿ ತೀರಿಕೊಂಡ ವರ್ಷ. ಅಲ್ಲಿಂದ ಹನ್ನೊಂದು ವರ್ಷ ಗೆರೆ ಮೂರರ ಮೇಲೆ ಮಲಗಿತ್ತು. ಈ ವರ್ಷದ ಕೊನೆಯಲ್ಲಿ ಚುಕ್ಕೆಗಳು ಶುರುವಾಗಿ ಎರಡಕ್ಕೆ ಇಳಿದಿದ್ದವು.

ಇದೇ ಪರೀಕ್ಷೆಗೆ ಓದುತ್ತಾ ಪಕ್ಕದಲ್ಲಿ ಕೂತಿದ್ದ ನರ್ಸಮ್ಮನ ಹಾಳೆಯ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ಯಾವುದೋ ಬಂದರು ಪಟ್ಟಣದ ಹೆಸರಿತ್ತು, ಸಾವಿರಗಳಲ್ಲಿ ಅಂಕಿಗಳಿದ್ದವು, ಗೆರೆ ಹಾಯಾಗಿ ಮೇಲೇರುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಅವಳನ್ನೇ ಎಬ್ಬಿಸಿ ಓದಲು ಹೇಳಿದರು. ಅವಳು ಗಂಟಲೊಳಗೇ ಓದಿದಳು: ಐದು, ನಾಲ್ಕು, ಮೂರು.

"ಸಾವಿರ ಎಲ್ಲಿ ಹೋಯ್ತಮ್ಮ? ಬರೀ ಮೂರು ಜನರ ಊರಾದ್ರೆ ಎಲೆಕ್ಷನ್‌ಗೆ ನಿಲ್ಲೋರ್ಯಾರು, ವೋಟ್ ಹಾಕೋರ್ಯಾರು?" ಎಂದರು ಮೇಷ್ಟ್ರು. ಅವರು ನೋಡುತ್ತಿದ್ದದ್ದು ತಮ್ಮ ಕೈಯಲ್ಲಿದ್ದ, ಅದೇ ಬಂದರು ಪಟ್ಟಣದ ಹಾಳೆಯನ್ನು. ಇಡೀ ಕ್ಲಾಸು ನಕ್ಕಿತು. ಅವಳೂ ನಕ್ಕಂತೆ ಮಾಡಿ ಕೂತಳು.

ಆ ಚುಕ್ಕೆಗಳು ತನ್ನವೇ ಇರಬೇಕು, ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗುತ್ತೇನಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗೇಟು ತೆಗೆದಾಗ ಅಮ್ಮ ಕಂಡಳು. ಅಂಗಳದ ನೆಲದಡಿ ಇರುವ ನೀರಿನ ಸಂಪಿನ ಕಬ್ಬಿಣದ ಮುಚ್ಚಳದ ಮೇಲೆ ಕೂತು, ಹೊಲಿದ ಬಟ್ಟೆಗಳ ದಾರ ಕತ್ತರಿಸುತ್ತಿದ್ದಳು. ತಮ್ಮ ಬಿದ್ದದ್ದು ಅದರೊಳಗೇ. ನೀರು ಸೇದಿ ಮುಚ್ಚಳ ಹಾಕಲು ಮರೆತವಳು ತಾನೇ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಅಪ್ಪ ಅದನ್ನು ನಂಬಿದ್ದರು. ಅಂದಿನಿಂದ ಏನಿದ್ದರೂ "ನಿಮ್ಮಮ್ಮನಿಗೆ ಹೇಳು" ಎಂದು ಮಗಳ ಮೂಲಕವೇ ಮಾತು. ಮುಚ್ಚಳಕ್ಕೆ ಬೀಗ ಹಾಕಿದ್ದೂ ಅವರೇ. ನೀರಿಗೆ ಪಂಪು ಬಂದಿತ್ತು, ಬೀಗದ ಕೀ ಮಾತ್ರ ಇಷ್ಟೂ ವರ್ಷ ಅಡುಗೆಮನೆಯ ಮೊಳೆಯಲ್ಲಿ ಧೂಳು ತಿನ್ನುತ್ತಿತ್ತು. ಈ ವಾರ ಅದು ಅಮ್ಮನ ಕೊರಳಿಗೆ ಬಂದಿತ್ತು. ಯಾಕೆ ಎಂದು ಕೇಳುವ ಧೈರ್ಯ ಮಗಳಿಗೆ ಬಂದಿರಲಿಲ್ಲ.

ಅಮ್ಮ ಅವಳ ಕೈಯಿಂದ ಹಾಳೆ ತೆಗೆದುಕೊಂಡಳು. ಇಂಗ್ಲಿಷ್ ಬಾರದಿದ್ದರೇನು, ಗೆರೆಗಳ ಜೊತೆಗೇ ಬಾಳಿದ ಕೈ ಅದು. ಹೊಲಿಗೆಯ ಗುರುತು ಹಿಡಿದು ಹೋಗುವಂತೆ ಬೆರಳು ಗೆರೆಯ ಮೇಲೆ ಸಾಗಿತು. ಎಷ್ಟೆಷ್ಟು ಜನ ಇದ್ದರು ಅನ್ನುವ ಲೆಕ್ಕವಂತೆ ಎಂದು ಮಗಳು ಮೆಲ್ಲಗೆ ಹೇಳಿದಳು. ಬೆರಳು ಐದರ ತುದಿಯಲ್ಲಿ ನಿಂತಿತು.

"ಇಲ್ಲಿ ಯಾಕೆ ಬಿತ್ತು?"

"ಕಾರಣ ಬರೀಬಾರದಂತೆ ಅಮ್ಮ. ಅಂಕ ಹೋಗುತ್ತೆ."

"ಬರೀಬೇಡ. ಗೊತ್ತಿದ್ರೆ ಹೇಳು."

ಅವಳು ಡೈರಿಯಲ್ಲೂ ಬರೆಯದೆ ಉಳಿಸಿಕೊಂಡ ಒಂದು ಸಾಲಿತ್ತು. ಒಂಬತ್ತು ವರ್ಷದ ಹುಡುಗಿ ಸಂಪಿನೊಳಗೆ ಬಗ್ಗಿ ತನ್ನ ಹೆಸರು ಕೂಗುತ್ತಿದ್ದಳು. ಒಳಗಿನಿಂದ ಅದೇ ಹೆಸರು ವಾಪಸು ಬರುತ್ತಿತ್ತು. ಅಮ್ಮನ ಬೆರಳು ಕಾಯಲಿಲ್ಲ. ನಾಲ್ಕು ದಾಟಿ, ಮೂರರ ಮೇಲೆ ಉದ್ದಕ್ಕೂ ನಡೆದು, ಮನೆಯ ಮೆಟ್ಟಿಲಿಳಿಯುವಷ್ಟು ನಿರಾಳವಾಗಿ ಚುಕ್ಕೆಗಳ ಮೇಲೆ ಒಂದೊಂದಾಗಿ ಇಳಿಯತೊಡಗಿತು. ಅಮ್ಮ ಬಗ್ಗಿದಾಗ ಕೊರಳಿನ ಕೀ ಮುಚ್ಚಳಕ್ಕೆ ತಾಗಿ ಟಣ್ ಎಂದಿತು. ಕೆಳಗೆ, ನೀರಿನ ಮೇಲೆ, ಯಾರೋ ತನ್ನ ಹೆಸರು ಹಿಡಿದು ಕರೆದಂತೆ ಅವಳಿಗೆ ಕೇಳಿಸಿತು. ಎಳೆಯ ದನಿ.

ಇನ್ನೊಂದೇ ಚುಕ್ಕೆ ಉಳಿದಿತ್ತು. ಅವಳು ಅಮ್ಮನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅವತ್ತು ನೀನು ಮುಚ್ಚಳ ಹಾಕಿದ್ದೆ ಅಮ್ಮ. ತೆಗೆದಿದ್ದು ನಾನು."