ಬೆಳಕಿಂಡಿಯಿಂದ ಬಿದ್ದ ರಾಕೆಟ್

ಪಟಾಕಿ ಮದ್ದಿನ ವಾಸನೆ ಎಲ್ಲೇ ಬಂದರೂ ನನಗೆ ಬೆಟಗೇರಿಯ ನಮ್ಮ ಮಣ್ಣಿನ ಮಾಳಿಗೆ ನೆನಪಾಗುತ್ತದೆ.

ದೀಪಾವಳಿ ಮುಗಿದಿತ್ತು. ಅಂದು ಸಂಜೆಯ ರೈಲಿಗೆ ಅಣ್ಣ ಓದಲೆಂದು ಮೊದಲ ಸಲ ಪುಣೆಗೆ ಹೊರಟಿದ್ದ. ಮಧ್ಯಾಹ್ನ ಮಾಳಿಗೆ ಹತ್ತಿ, ಉಳಿದಿದ್ದ ಎರಡು ರಾಕೆಟ್‌ಗಳನ್ನು ಒಂದರ ಮೇಲೊಂದು ಇಟ್ಟು, ಅಪ್ಪನ ಮಗ್ಗದ ನೂಲಿನಿಂದ ಬಿಗಿದ. ಮೇಲಿನದರ ಬತ್ತಿಯನ್ನು ಕೆಳಗಿನದರ ತಲೆಯೊಳಗೆ ತೂರಿಸಿದ.

"ಕೆಳಗಿಂದು ಮ್ಯಾಲಿಂದನ್ನ ಎತ್ತಿ ಒಗೀತೈತಿ. ಅಲ್ಲಿಗೆ ಅದರ ಕೆಲಸ ಮುಗೀತು."

"ಆಮ್ಯಾಲೆ ಅದು?" ಪಕ್ಕದಲ್ಲೇ ಕೂತಿದ್ದ ನಾನು ಕೇಳಿದೆ.

"ಬೀಳತೈತಿ."

ಅಣ್ಣ ಕೆಳಗಿನದರ ಬತ್ತಿಗೆ ಕಿಡಿ ಮುಟ್ಟಿಸಿದ. ಹಾಗೆಯೇ ಆಯಿತು. ಮೇಲಿನದು ಹೊಗೆಯ ಗೆರೆ ಎಳೆಯುತ್ತ ಕಣ್ಮರೆಯಾಯಿತು. ಅದನ್ನು ಹುಡುಕಲು ಅಣ್ಣ ಕೇಕೆ ಹಾಕುತ್ತ ಓಣಿಗೆ ಓಡಿದ. ಕೆಳಗಿನದು ಮಾಳಿಗೆಯ ಬೆಳಕಿಂಡಿಯಿಂದ ಒಳಗೆ ಬಿತ್ತು. ಮಗ್ಗದ ಸದ್ದು ತಟ್ಟನೆ ನಿಂತಿತು.

ಬಗ್ಗಿ ನೋಡಿದೆ. ಅಪ್ಪ ನೇಯುತ್ತಿದ್ದ ಕೆಂಪು ಸೀರೆಯಲ್ಲಿ ಬೆರಳು ತೂರುವಷ್ಟು ತೂತು ಬಿದ್ದಿತ್ತು. ಸುಟ್ಟು ಕರಿಯಾದ ಆ ಕೊಳವೆಯನ್ನು ಅಂಗೈಯಲ್ಲಿ ಹಿಡಿದು ಅಪ್ಪ ತಲೆ ಎತ್ತಿದ. ಬೈಗುಳಕ್ಕೆ ಕಾಯುತ್ತ ನಾನು ಕಣ್ಣು ಮುಚ್ಚಿಕೊಂಡೆ.

"ಮ್ಯಾಲಿಂದು ಹೋತೇನವಾ?"

"ಹೋತಪ್ಪಾ. ಕಾಣವಲ್ದು."

"ಆತು ಬಿಡು."

ಮಗ್ಗದ ಸದ್ದು ಮತ್ತೆ ಶುರುವಾಗುತ್ತದೆಂದು ನಾನು ಮಾಳಿಗೆಯ ಮೇಲೆ ಒಬ್ಬಳೇ ಬಹಳ ಹೊತ್ತು ಕಾದು ನಿಂತೆ. ಆಗಲಿಲ್ಲ.