ಗಂಡನ ಎಡಗಾಲು

ಬಚ್ಚಲಲ್ಲಿ ಜಾರಿ ನೀಲವ್ವನ ಎಡಗಾಲು ಮುರಿಯಿತು. ಆಸ್ಪತ್ರೆಯವರು ಅದನ್ನು ಬಿಚ್ಚಿ, ಪ್ಲಾಸ್ಟರ್ ಹಾಕಿ ಕಪಾಟಿನಲ್ಲಿ ಮಲಗಿಸಿದರು. ಮೂಳೆ ಕೂಡುವತನಕ ಮನೆಯವರೊಬ್ಬರು ತಮ್ಮ ಕಾಲನ್ನು ಎರವಲು ಕೊಡುವುದು ಎಲ್ಲೆಡೆ ಇರುವ ರೂಢಿ. ಗಂಡ ಗುರುಪಾದಪ್ಪ ಯಾಕೋ ಬಹಳ ಕೊಸರಾಡಿದ. ಕೊನೆಗೆ ಕೊಟ್ಟು, ಮನೆಯಲ್ಲಿ ತೂಗುಮಂಚ ಹಿಡಿದ.

ಸಂಜೆ ನೀಲವ್ವ ಹಾಲು ತರಲು ಹೊರಟಳು. ಡೈರಿ ಎಡಕ್ಕಿದ್ದರೆ ಕಾಲು ಬಲಕ್ಕೆ ಎಳೆಯಿತು. ಡಾಕ್ಟರು ಕರಿದ ತಿಂಡಿ ಬಿಡಿಸಿದಂದಿನಿಂದ ಗುರುಪಾದಪ್ಪ ದಿನಾ ಹೋಗುತ್ತೇನೆ ಎನ್ನುತ್ತಿದ್ದ ಮಠವನ್ನೂ ದಾಟಿ, ಬಜಿ ಅಂಗಡಿಯ ಮುಂದೆ ನಿಂತಿತು.

ನೆಲಕ್ಕೆ ಕೂತು ಕರಿಯುತ್ತಿದ್ದ ಬಜಿಯವನಿಗೆ ಮೊದಲು ಕಂಡದ್ದು ಪಾದ. "ಬರ್ರಿ ಸಾವ್ಕಾರ್ರ! ದಿನದಂಗ ಹಾಕ್ಲೇನ್ರಿ? ಮನ್ಯಾಗ ಇನ್ನೂ ಗೊತ್ತಾಗಿಲ್ಲಲ್ರಿ?" ತಲೆ ಎತ್ತಿದರೆ ಮೇಲೆ ಸೀರೆ.

"ಹಾಕಪಾ," ಅಂದಳು ನೀಲವ್ವ.

ಮನೆಗೆ ಬಂದಾಗ ಗಂಡ ಕೇಳಿದ: "ಇಷ್ಟೊತ್ತು ಎಲ್ಲಿ ಹೋಗಿದ್ದಿ?"

"ಮಠಕ್ಕರಿ. ನಿಮ್ಮ ಕಾಲಿಗೆ ಭಾಳ ಭಕ್ತಿ ಐತಿ."

ಅವನು ತೂಗುಮಂಚದಲ್ಲಿ ಗೋಡೆಯ ಕಡೆ ಹೊರಳಿದ.

ಕೆಲವು ವಾರಗಳ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು: "ಅಕ್ಕಾರ, ನಿಮ್ಮ ಕಾಲು ಕೂಡೇತ್ರಿ, ಬಂದು ಒಯ್ರಿ."

ನೀಲವ್ವ ಬಾಯಲ್ಲಿದ್ದ ಬಜಿ ನುಂಗಿ ಹೇಳಿದಳು: "ಅಲ್ಲೇ ಇರ್ಲಿರಿ. ಎಲುಬಿನ ವಿಷಯದಾಗ ಅವಸರ ಮಾಡಬಾರ್ದು."